ಆರ್‌ಒ ಮುಂದಿನ ಕಾರ್ಬನ್ ಫಿಲ್ಟರಿಗೆ ತೆಂಗಿನ ಚಿಪ್ಪಿನದೋ, ಕಲ್ಲಿದ್ದಲಿನದೋ?

ನಮ್ಮ ಕಾರ್ಖಾನೆಯ ಬಾಯ್ಲರಿಗೆ ನೀರು ಒದಗಿಸುವ ಆರ್‌ಒ (ಮೆಂಬ್ರೇನ್ ಎಂಬ ತೆಳುಪದರದ ಮೂಲಕ ಹಾಯಿಸಿ ನೀರಿನ ಲವಣ ತೆಗೆಯುವ) ಘಟಕದ ಮುಂದೆ ಒಂದು ಮೀಟರ್ ವ್ಯಾಸದ ಕಾರ್ಬನ್ ಫಿಲ್ಟರ್ ಇದೆ. ಗಂಟೆಗೆ 10 ಘನ ಮೀಟರ್ ನೀರು ಅದರೊಳಗಿಂದ ಹಾದುಹೋಗುತ್ತದೆ. ಇದೇ ವೆಸೆಲ್‌ನಲ್ಲಿ ತೆಂಗಿನ ಚಿಪ್ಪಿನ ಕಾರ್ಬನ್ನನ್ನೂ ಕಲ್ಲಿದ್ದಲಿನಿಂದ ಮಾಡಿದ ಕಾರ್ಬನ್ನನ್ನೂ ತುಂಬಿ ನಡೆಸಿ ನೋಡಿದ್ದೇನೆ. ನೀರಿನ ಕ್ಲೋರಿನ್ ತೆಗೆಯುವುದೇ ಮುಖ್ಯ ಕೆಲಸವಾಗಿದ್ದರೆ, ಕೆಜಿಗೆ ಹೆಚ್ಚು ದರ ಕೊಟ್ಟರೂ ನನ್ನ ಆಯ್ಕೆ ಚಿಪ್ಪಿನದೇ.

ಕ್ಲೋರಿನ್ ವಿಷಯದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಾಲಿಅಮೈಡ್ ಮೆಂಬ್ರೇನ್ ಕ್ಲೋರಿನ್ನನ್ನು ತಾಳುವುದಿಲ್ಲವಾದ್ದರಿಂದ ಫಿಲ್ಟರಿನಿಂದ ಹೊರಬರುವ ನೀರಿನಲ್ಲಿ ಅದು 0.1 ಪಿಪಿಎಂಗಿಂತ ಕೆಳಗಿರಬೇಕು, ಎರಡೂ ಅಷ್ಟನ್ನು ಸಲೀಸಾಗಿ ಮಾಡಿದವು. ಮಾರುವವರು ಕಾರ್ಬನ್ನಿನ ಹೀರುವ ಶಕ್ತಿಯನ್ನು ತೋರಿಸುವ ಅಯೋಡಿನ್ ಸಂಖ್ಯೆಯನ್ನೇ ಮುಂದಿಟ್ಟು ವಾದಿಸುತ್ತಾರೆ, ಆದರೆ ನನಗೆ ತಲೆನೋವು ತಂದದ್ದು ಆ ಸಂಖ್ಯೆಯಲ್ಲ, ಪುಡಿ.

ಕಳೆದ ಬಾರಿ ಮೀಡಿಯಾ, ಅಂದರೆ ಫಿಲ್ಟರಿನೊಳಗಿನ ಕಾರ್ಬನ್, ಬದಲಿಸುವಾಗ ಖರೀದಿ ವಿಭಾಗವು ದರ ನೋಡಿ ಕಲ್ಲಿದ್ದಲಿನ ಕಾರ್ಬನ್ ತರಿಸಿತು. ಸುಮಾರು 400 ಕೆಜಿ, ಅಂದರೆ 25 ಕೆಜಿಯ 16 ಚೀಲ. ಹರಳುಗಳ ಒಳಗಿನ ಗಾಳಿ ಹೊರಹೋಗಲೆಂದು 24 ಗಂಟೆ ನೆನೆಸಿ, ಬ್ಯಾಕ್‌ವಾಶ್ (ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯುವುದು) ಕೊಟ್ಟು, ಡ್ರೈನ್ ನೀರು ತಿಳಿಯಾದ ಮೇಲೆಯೇ ಸರ್ವಿಸ್‌ಗೆ ತೆಗೆದುಕೊಂಡೆವು. ಆದರೆ ಪಂಪ್ ನಿಂತು ಮತ್ತೆ ಶುರುವಾದಾಗಲೆಲ್ಲ, ಆ ಮೊದಲ ರಭಸಕ್ಕೇ ನೀರು ಮತ್ತೆ ಕಪ್ಪಾಗುತ್ತಿತ್ತು. ಅದಕ್ಕೆ ಮೊದಲು ಫಿಲ್ಟರಿನ ನಂತರದ 5 ಮೈಕ್ರಾನ್ ಕಾರ್ಟ್ರಿಜ್‌ಗಳು ತಿಂಗಳುಗಟ್ಟಲೆ ಬಾಳುತ್ತಿದ್ದವು. ಈಗ ವಾರ ತುಂಬುವ ಮೊದಲೇ ಅವುಗಳ ಒಳಬದಿ-ಹೊರಬದಿಯ ನೀರಿನ ಒತ್ತಡದ ವ್ಯತ್ಯಾಸ ಮಿತಿ ದಾಟತೊಡಗಿತು. ಒಂದು ಕಾರ್ಟ್ರಿಜ್ಜನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಪದರ ಪೂರ್ತಿ ಕಪ್ಪಾಗಿತ್ತು, ಒಳಗಿನ ಕೊಳವೆಯವರೆಗೂ ಬೂದು ಬಣ್ಣ ಇಳಿದಿತ್ತು, ಬೆರಳಿಗೆ ಹತ್ತಿದ ಪುಡಿ ಕಾಡಿಗೆಯಷ್ಟು ನಯವಾಗಿತ್ತು. ಒಳಗಿನವರೆಗೂ ಬಣ್ಣ ಇಳಿದಿದೆಯೆಂದರೆ ಒಂದಿಷ್ಟು ಪುಡಿ ದಾಟಿ ಮುಂದಕ್ಕೂ ಹೋಗಿದೆ ಎಂದೇ ಅರ್ಥ. ನೀರಿನಲ್ಲಿ ಮೆಂಬ್ರೇನ್ ಕಟ್ಟಿಸುವ ಕಣಗಳೆಷ್ಟಿವೆ ಎಂದು ನೋಡುವ ಎಸ್‌ಡಿಐ ಪರೀಕ್ಷೆಯ 0.45 ಮೈಕ್ರಾನ್ ಕಾಗದದ ಮೇಲೆ ಬಿದ್ದ ಕಪ್ಪು ಕಲೆಯೂ ಅದನ್ನೇ ಹೇಳಿತು. ಮೆಂಬ್ರೇನಿನ ಮೇಲೆ ಕೂತ ಕಾರ್ಬನ್ ಪುಡಿಯನ್ನು ಆಮ್ಲವೂ ಕರಗಿಸುವುದಿಲ್ಲ, ಕ್ಷಾರವೂ ಕರಗಿಸುವುದಿಲ್ಲ. ಅದಕ್ಕೇ ನನಗೆ ಅಷ್ಟು ಆತಂಕವಾದದ್ದು.

ಇಂಥ ಸಂದರ್ಭದಲ್ಲಿ ಮೊದಲು ಅನುಮಾನ ಹೋಗಬೇಕಾದದ್ದು ಬ್ಯಾಕ್‌ವಾಶ್ ಪಂಪಿನ ಮೇಲೆ. ಕಾರ್ಬನ್ನಿನ ಹಾಸು 30ರಿಂದ 50 ಶೇಕಡ ಮೇಲೆದ್ದರೆ ಮಾತ್ರ ಪುಡಿ ತೊಳೆದುಹೋಗುತ್ತದೆ, ಅದಕ್ಕೆ ನಮ್ಮ ವ್ಯಾಸದ ವೆಸೆಲ್‌ಗೆ ಗಂಟೆಗೆ 20 ಘನ ಮೀಟರಿನಷ್ಟಾದರೂ ನೀರು ಬೇಕು. ಎಷ್ಟೋ ಕಡೆ ಸರ್ವಿಸ್ ಪಂಪಿನಿಂದಲೇ ಬ್ಯಾಕ್‌ವಾಶ್ ಮಾಡುತ್ತಾರೆ, ಅಲ್ಲಿ ಯಾವ ಕಾರ್ಬನ್ ತುಂಬಿದರೂ ಪುಡಿ ಒಳಗೇ ಉಳಿಯುತ್ತದೆ. ನಮ್ಮಲ್ಲಿ ಅದಕ್ಕೆ ತಕ್ಕ ಬೇರೆ ಪಂಪ್ ಇದೆ, ವೆಸೆಲ್ಲಿನ ಸೈಟ್‌ಗ್ಲಾಸಿನಲ್ಲಿ (ಗಾಜಿನ ಕಿಂಡಿಯಲ್ಲಿ) ಹಾಸು ಏಳುವುದೂ ಕಾಣುತ್ತಿತ್ತು. ಹಾಗಾಗಿ ಉಳಿದ ಕಾರಣ ಒಂದೇ: ಆ ಹರಳುಗಳು ಮೆದುವಾಗಿದ್ದವು, ಪ್ರತಿ ಬ್ಯಾಕ್‌ವಾಶ್‌ನಲ್ಲೂ ಒಂದಕ್ಕೊಂದು ಉಜ್ಜಿ ಹೊಸ ಪುಡಿ ಹುಟ್ಟುತ್ತಿತ್ತು. ಒಳ್ಳೆಯ ಚಿಪ್ಪಿನ ಕಾರ್ಬನ್ನಿನ ಗಡಸುತನದ ಸಂಖ್ಯೆ 95ಕ್ಕಿಂತ ಮೇಲಿರುತ್ತದೆ, ಬೂದಿಯ ಅಂಶವೂ ಕಡಿಮೆ. ಅದನ್ನು ಮರಳಿ ತುಂಬಿದ ಮೇಲೆ ಮೊದಲ ತೊಳೆತದಲ್ಲಿ ಬಂದ ಕಪ್ಪು ಮತ್ತೆ ಕಾಣಿಸಿಕೊಳ್ಳಲಿಲ್ಲ.

ಚಿಪ್ಪಿನ ಹೆಸರಿನಲ್ಲಿ ಬರುವುದೆಲ್ಲ ಒಳ್ಳೆಯದೆಂದೂ ಅಲ್ಲ. ಚಿಪ್ಪು ಸುಟ್ಟ ಬರಿ ಇದ್ದಿಲನ್ನು 800ರಿಂದ 1000 ಡಿಗ್ರಿಯಲ್ಲಿ ಹಬೆ ಹಾಯಿಸಿ ಸಕ್ರಿಯಗೊಳಿಸಿದಾಗಲೇ ಅದು ಉಪಯೋಗಕ್ಕೆ ಬರುತ್ತದೆ. ನಾನು ಒಂದು ಲೀಟರ್ ಜಾಡಿ ತುಂಬಿ ತೂಗುತ್ತೇನೆ. ಸುಮಾರು 500 ಗ್ರಾಂ ಇರಬೇಕು, ಅದಕ್ಕಿಂತ ಬಹಳ ಭಾರವಿದ್ದರೆ ಸಕ್ರಿಯಗೊಳಿಸುವ ಕೆಲಸ ಅರೆಬರೆಯಾಗಿದೆ ಎಂದು ಅನುಮಾನಿಸಿ ಲ್ಯಾಬಿಗೆ ಕಳುಹಿಸುತ್ತೇನೆ.

ಬ್ಯಾಕ್ಟೀರಿಯಾ ವಿಷಯದಲ್ಲಿ ಎರಡೂ ಒಂದೇ: ಕ್ಲೋರಿನ್ ಮೇಲಿನ ಪದರದಲ್ಲೇ ಮುಗಿದುಹೋಗಿ ಕೆಳಗಿನ ಕಾರ್ಬನ್ನಿನಲ್ಲಿ ಅವು ಬೆಳೆಯುವುದರಿಂದ, ಒತ್ತಡ ಏರದಿದ್ದರೂ ನಿಯಮಿತವಾಗಿ ಬ್ಯಾಕ್‌ವಾಶ್ ಮಾಡಲೇಬೇಕು. ಒದ್ದೆ ಕಾರ್ಬನ್ ಮುಚ್ಚಿದ ವೆಸೆಲ್ಲಿನ ಗಾಳಿಯ ಆಮ್ಲಜನಕವನ್ನು ಹೀರುತ್ತದೆ. ಇದು ಪ್ರಾಣದ ಪ್ರಶ್ನೆ. ಗಾಳಿ ಹಾಯಿಸಿ ಆಮ್ಲಜನಕದ ಮಟ್ಟ ಅಳೆಯದೆ, ಹೊರಗೆ ಕಾವಲಿಲ್ಲದೆ, ಯಾರನ್ನೂ ಒಳಗಿಳಿಸಬಾರದು.

ಕಲ್ಲಿದ್ದಲಿನ ಕಾರ್ಬನ್ನಿಗೂ ಅದರದೇ ಜಾಗವಿದೆ. ಅದರಲ್ಲಿ ದೊಡ್ಡ ರಂಧ್ರಗಳು ಹೆಚ್ಚಿರುವುದರಿಂದ ಬಣ್ಣದಂಥ ದೊಡ್ಡ ಅಣುಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಡೈಯಿಂಗ್ ಘಟಕದ ನೀರಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಆದರೆ ಗಡಸುತನದ ವರದಿ ನೋಡಿಯೇ. ನಮ್ಮದು ಆರ್‌ಒ, ಜೊತೆಗೆ ರಾತ್ರಿ ಪಾಳಿಯಲ್ಲಿ ಇರುವುದು ಒಬ್ಬನೇ ಆಪರೇಟರ್. ಮೀಡಿಯಾದಲ್ಲಿ ಉಳಿಸಿದ ಹಣ ಕಾರ್ಟ್ರಿಜ್ ಖರ್ಚಿಗೇ ಹೋಗುವುದಾದರೆ ಆ ಉಳಿತಾಯದಿಂದ ನಮಗೆ ಪ್ರಯೋಜನವಿಲ್ಲ. ಮುಂದಿನ ಖರೀದಿ ಆದೇಶದಲ್ಲಿ ದರದ ಜೊತೆಗೆ ಹರಳಿನ ಗಾತ್ರ, ಗಡಸುತನ ಮತ್ತು ಬೂದಿಯ ಮಿತಿಗಳನ್ನೂ ಬರೆಸಿದ್ದೇನೆ.