ಕಿಟಾಯೆವ್ ಸರಪಳಿಯೋ, ಲೇಸರ್ ದಾರಿಯೋ: ಎರಡನ್ನೂ ಓಡಿಸಿ ನೋಡಿದೆ

ಹಾಸನದ ಸಾಲಗಾಮೆ ರಸ್ತೆಯ ಬಾಡಿಗೆ ಮನೆಯಲ್ಲಿ ಕೂತು ಪರಮಾಣು ತಣಿಸಲು ಆಗುವುದಿಲ್ಲ. ನನ್ನ ಬಳಿ ಇರುವುದು ಹಳೇ ಲ್ಯಾಪ್‌ಟಾಪ್, ಪೈಥಾನ್, ಬಿಎಸ್ಸಿ ಪಾಠ ಮುಗಿಸಿ ಉಳಿದ ಸಂಜೆಗಳು. ಟೋಪಾಲಾಜಿಕಲ್ ಅತಿದ್ರವ ಎಂದರೆ ಜೋಡಿ ಕಟ್ಟಿದ ಪರಮಾಣುಗಳು ತಡೆಯಿಲ್ಲದೆ ಹರಿಯುವ, ತುದಿಗಳಲ್ಲಿ ಸೊನ್ನೆ ಶಕ್ತಿಯ ವಿಶೇಷ ಸ್ಥಿತಿಗಳಿರುವ ತಣ್ಣನೆಯ ಅನಿಲ. ಅದನ್ನು ಮುಟ್ಟುವ ಎರಡು ದಾರಿಗಳನ್ನು ಲ್ಯಾಪ್‌ಟಾಪಿನಲ್ಲೇ ಪರೀಕ್ಷಿಸಿದೆ.

ಮೊದಲನೆಯದು 2001ರ ಕಿಟಾಯೆವ್ ಸರಪಳಿ. ಸಾಲಾಗಿರುವ ಮನೆಗಳಲ್ಲಿ (ಕಣ ಕೂರುವ ತಾಣಗಳು) ಒಂದೇ ಸ್ಪಿನ್ನಿನ ಫರ್ಮಿಯಾನ್‌ಗಳು, ಅಂದರೆ ಒಂದೇ ಸ್ಥಿತಿಯಲ್ಲಿ ಎರಡು ಇರಲಾರದ ಕಣಗಳು, ಪಕ್ಕದ ಮನೆಯವರೊಡನೆ ಪಿ-ತರಂಗದ (ಒಂದರ ಸುತ್ತ ಒಂದು ಸುತ್ತುವ) ಜೋಡಿ ಕಟ್ಟುತ್ತವೆ. 100 ಮನೆ, 200×200 ಮ್ಯಾಟ್ರಿಕ್ಸ್. ಕಾಫಿ ಲೋಟ ಎತ್ತುವಷ್ಟರಲ್ಲಿ ಉತ್ತರ. ರಾಸಾಯನಿಕ ವಿಭವ (ಎಷ್ಟು ಕಣ ತುಂಬಬೇಕೆಂದು ನಿಗದಿಸುವ ಶಕ್ತಿ), ಮನೆಯಿಂದ ಮನೆಗೆ ಜಿಗಿತದ ಬಲದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಎರಡೂ ತುದಿಯಲ್ಲಿ ಸೊನ್ನೆ ಶಕ್ತಿಯ ಸ್ಥಿತಿ, ದಾಟಿಸಿದರೆ ಮಾಯ. ಚೆಂದವೇ. ಆದರೆ ನನ್ನ ಕೋಡ್‌ನಲ್ಲಿ ಪರಮಾಣುಗಳು ಬೋನು ಬಿಟ್ಟು ಓಡುವುದಿಲ್ಲ. ನಿಜವಾದ ಪೊಟ್ಯಾಸಿಯಂ-40ರಲ್ಲಿ 198 ಗಾಸ್ ಆಸುಪಾಸು ಪಿ-ತರಂಗದ ಫೆಶ್‌ಬಾಕ್ ಅನುರಣನ (ಪರಮಾಣುಗಳ ಸೆಳೆತ ಜೋರಾಗುವ ಕಾಂತಕ್ಷೇತ್ರ) ಸಿಗುತ್ತದೆ. ಅಲ್ಲಿ ಕಟ್ಟಿದ ಜೋಡಿಗಳ ಆಯಸ್ಸನ್ನು ಕೊಲೊರಾಡೊದ ಡೆಬೊರಾ ಜಿನ್ ತಂಡ 2007ರಲ್ಲಿ ಅಳೆದಾಗ ಸಿಕ್ಕಿದ್ದು ಒಂದೆರಡು ಮಿಲಿಸೆಕೆಂಡು.

ಎರಡನೆಯದು ಲೇಸರ್ ದಾರಿ. ಅದಕ್ಕೆ ಸಾಮಾನ್ಯ ಎಸ್-ತರಂಗದ (ಎದುರುಬದುರು ಸ್ಪಿನ್ನಿನ, ಸುತ್ತದ) ಜೋಡಿ ಸಾಕು, ಜೊತೆಗೆ ಲೇಸರ್‌ನಿಂದ ಸ್ಪಿನ್-ಕಕ್ಷೆ ಜೋಡಣೆ (ಪರಮಾಣುವಿನ ಸ್ಪಿನ್ನನ್ನು ಅದರ ಚಲನೆಗೆ ಕಟ್ಟುವುದು) ಮತ್ತು ಎರಡು ಸ್ಪಿನ್ನುಗಳ ಶಕ್ತಿಯನ್ನು ಬೇರ್ಪಡಿಸುವ ಝೀಮನ್ ಕ್ಷೇತ್ರ. ಕ್ಷೇತ್ರದ ವರ್ಗವು, ಶಕ್ತಿಪಟ್ಟಿಯ ತಳದಿಂದ ಅಳೆದ ವಿಭವದ ವರ್ಗ ಮತ್ತು ಜೋಡಿಬಲ ಡೆಲ್ಟಾದ ವರ್ಗ ಕೂಡಿಸಿದ್ದನ್ನು ಮೀರಬೇಕು. ಮೊದಲ ಸಲ ಡೆಲ್ಟಾವನ್ನು ಕೈಯಾರೆ ಕೊಟ್ಟೆ. ತುದಿಸ್ಥಿತಿಗಳು ಥಟ್ಟನೆ ಬಂದವು. ಅದು ಮೋಸ. ನ್ಯಾನೊತಂತಿಯಾದರೆ ಪಕ್ಕದ ಅತಿವಾಹಕದಿಂದ ಡೆಲ್ಟಾ ಕಡ ತರಬಹುದು; ಅನಿಲಕ್ಕೆ ಕೊಡುವವರಿಲ್ಲ, ತನ್ನೊಳಗಿಂದಲೇ ಹುಟ್ಟಿಸಿಕೊಳ್ಳಬೇಕು. ಹಾಗಾಗಿ ಪ್ರತಿ ಕ್ಷೇತ್ರಕ್ಕೂ ಉತ್ತರ ನಿಲ್ಲುವವರೆಗೆ 400×400 ಮ್ಯಾಟ್ರಿಕ್ಸನ್ನು ತಿರುತಿರುಗಿ ಬಿಡಿಸಬೇಕಾಯಿತು. ಫ್ಯಾನ್ ಗೊರಗೊರ ಎಂದಿತು, ಮಧ್ಯೆ ಕರೆಂಟೂ ಹೋಯಿತು.

ಸ್ಪಿನ್-ಕಕ್ಷೆ ಜೋಡಣೆ ತೆಗೆದು ಶಕ್ತಿ ಹೋಲಿಸಿದರೆ, ಕ್ಷೇತ್ರವಿಲ್ಲದಾಗಿನ ಡೆಲ್ಟಾದ ಸುಮಾರು 0.7 ಪಟ್ಟು ಕ್ಷೇತ್ರಕ್ಕೇ ಜೋಡಿಗಳು ಸೋತವು. 1962ರ ಚಂದ್ರಶೇಖರ್–ಕ್ಲಾಗ್‌ಸ್ಟನ್ ಮಿತಿ ಅದೇ. (ನೊಬೆಲ್ ಪಡೆದ ಖಗೋಳದ ಚಂದ್ರಶೇಖರ್ ಅಲ್ಲ, ಇವರು ಬಿ. ಎಸ್. ಚಂದ್ರಶೇಖರ್.) ಜೋಡಣೆ ಸೇರಿಸಿದ ಮೇಲೆ ಡೆಲ್ಟಾ ಒಮ್ಮೆಲೇ ಬೀಳದೆ ಸವೆಯುತ್ತಾ ಹೋಯಿತು. ಪೂರ್ತಿ ಸವೆಯುವ ಮುಂಚಿನ ಕಿರಿದಾದ ಕಿಂಡಿಯಲ್ಲಿ ತುದಿಸ್ಥಿತಿಗಳು ಕಂಡವು.

ಪ್ರಯೋಗಶಾಲೆಯಲ್ಲಿ ಈ ದಾರಿಗೂ ಕಾಟ ತಪ್ಪಿದ್ದಲ್ಲ: ಲೇಸರ್ ಬೆಳಕೇ ಅನಿಲವನ್ನು ಕಾಯಿಸುತ್ತದೆ. 2012ರಲ್ಲಿ ಚೀನಾದ ಶಾಂಶಿ ವಿಶ್ವವಿದ್ಯಾಲಯದವರು ಪೊಟ್ಯಾಸಿಯಂನಲ್ಲಿ, ಎಂಐಟಿಯವರು ಲಿಥಿಯಂನಲ್ಲಿ ಇಂಥ ಜೋಡಣೆ ತಂದರು. ಲಿಥಿಯಂ ಬೆಳಕು ಹೀರುವ ಡಿ1, ಡಿ2 ಗೆರೆಗಳ ಅಂತರ ಬರೀ 10 ಗಿಗಾಹರ್ಟ್ಜ್. ಲೇಸರಿನ ಆವರ್ತನವನ್ನು ಈ ಗೆರೆಗಳಿಂದ ದೂರ ಸರಿಸಿದರೆ ಪರಿಣಾಮವೇ ಹೋಗುತ್ತದೆ, ಹತ್ತಿರ ತಂದರೆ ಬಿಸಿ. ಪೊಟ್ಯಾಸಿಯಂನಲ್ಲಿ ಆ ಅಂತರ 1.7 ಟೆರಾಹರ್ಟ್ಜ್, ಉಸಿರಾಡಲು ಜಾಗವಿದೆ.

ನನ್ನ ಮತ ಎರಡನೆಯದಕ್ಕೆ, ಅದೂ ಪೊಟ್ಯಾಸಿಯಂನಲ್ಲಿ. ಮೊದಲನೆಯದನ್ನು ನಾಳೆ ಮಕ್ಕಳಿಗೆ ಬೋರ್ಡ್ ಮೇಲೆ ತೋರಿಸುತ್ತೇನೆ. ಹತ್ತು ನಿಮಿಷ ಸಾಕು.