ಪಂಪ್ ಕೇಸಿಂಗ್‌ನ ಕರ್ವ್‌ಗೆ ಫ್ರೀಕ್ಯಾಡ್ ಸಾಕಾ?

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ (ಎರಕದ ಅಚ್ಚು ತೆಗೆಯಲು ಬೇಕಾದ ಕಟ್ಟಿಗೆ ಮಾದರಿ) ಮಾಡಿಕೊಡುವ ಶಾಪ್ ನಮ್ಮದು. ಪಂಪ್ ಕೇಸಿಂಗ್ (ಹೊರಕವಚ), ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಅಂದರೆ ನೇರ ಗೆರೆ ಕಡಿಮೆ, ಕರ್ವ್ ಜಾಸ್ತಿ. ಹಲವು ವರ್ಷಗಳಿಂದ ಇದಕ್ಕೆಲ್ಲ ಫ್ರೀಕ್ಯಾಡ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ನಾನು ಇದನ್ನು ಹಿಡಿದುಕೊಂಡಿರುವುದು ಅದರ ಸ್ಕೆಚರ್‌ನಲ್ಲಿರುವ (ಗೆರೆ ಬಿಡಿಸುವ ಭಾಗ) ಬಿ-ಸ್ಪ್ಲೈನ್‌ಗಾಗಿ, ಅಂದರೆ ಕೆಲವು ಕಂಟ್ರೋಲ್ ಪಾಯಿಂಟ್ ಎಳೆದು ರೂಪಿಸುವ ನುಣುಪು ಕರ್ವ್‌ಗಾಗಿ.

ಕೇಸಿಂಗ್‌ನ ಸುರುಳಿಯನ್ನು ನಾಲ್ಕೈದು ಆರ್ಕ್ ಜೋಡಿಸಿ ಬಿಡಿಸುವುದು ನಮ್ಮಲ್ಲಿ ಹಳೇ ರೂಢಿ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಪ್ರತಿ ಜೋಡಣೆಯಲ್ಲೂ ರೇಡಿಯಸ್ ಒಮ್ಮೆಲೇ ಬದಲಾಗುತ್ತದೆ. ಬಿ-ಸ್ಪ್ಲೈನ್‌ನಲ್ಲಿ ಕರ್ವೇಚರ್ ಕೋಂಬ್ ಆನ್ ಮಾಡಿ ನೋಡಿ. ಕರ್ವ್ ಉದ್ದಕ್ಕೂ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತವೆ. ಬಾಗು ಜಾಸ್ತಿ ಇದ್ದಲ್ಲಿ ಗೆರೆ ಉದ್ದ, ಕಡಿಮೆ ಇದ್ದಲ್ಲಿ ಗಿಡ್ಡ. ಡಿಗ್ರಿ (ಕರ್ವ್ ಸೂತ್ರದ ಘಾತ) 3 ಇದ್ದು, ನಾಟ್‌ನ (ಕರ್ವ್ ತುಂಡುಗಳು ಸೇರುವ ಜಾಗ) ಮಲ್ಟಿಪ್ಲಿಸಿಟಿ, ಅಂದರೆ ಆ ನಾಟ್ ಎಷ್ಟು ಸಲ ಎಣಿಕೆಯಾಗುತ್ತದೆ ಅನ್ನುವುದು, 1 ಇದ್ದರೆ ಕೋಂಬ್ ಎಲ್ಲೂ ಕಡಿಯುವುದಿಲ್ಲ. 2 ಮಾಡಿದರೆ ಟ್ಯಾಂಜೆಂಟ್ (ಗೆರೆಯ ದಿಕ್ಕು) ಉಳಿಯುತ್ತದೆ, ಕೋಂಬ್ ಮೆಟ್ಟಿಲು ಹತ್ತಬಹುದು. 3 ಮಾಡಿದರೆ ಅಲ್ಲಿ ಮೂಲೆಯೇ ಬರಬಹುದು. ಕಟ್ಟಿಗೆಗೆ ಕೈ ಹಚ್ಚುವ ಮೊದಲೇ ಇದೆಲ್ಲ ಕಾಣುತ್ತದೆ ಅಲ್ವಾ, ನನಗೆ ಅಷ್ಟು ಸಾಕು.

ಬಿ-ಸ್ಪ್ಲೈನ್‌ನ ನೆಂಟ ಬೆಝಿಯೆ ಕರ್ವ್ ಹುಟ್ಟಿದ್ದು ಕಾರಿನ ಬಾಡಿಗಾಗಿಯೇ. ಸಿಟ್ರೊಎನ್‌ನಲ್ಲಿ ಡಿ ಕಾಸ್ಟೆಲ್ಜೊ 1959ರ ಹೊತ್ತಿಗೆ, ಆಮೇಲೆ ರೆನೋದಲ್ಲಿ ಬೆಝಿಯೆ. ಬೆಝಿಯೆ ಕರ್ವ್‌ನಲ್ಲಿ ನಡುವಿನ ಒಂದು ಪಾಯಿಂಟ್ ಎಳೆದರೆ ಇಡೀ ಕರ್ವ್ ಅಲುಗುತ್ತದೆ. ಬಿ-ಸ್ಪ್ಲೈನ್‌ನಲ್ಲಿ ಅಕ್ಕಪಕ್ಕದ ತುಂಡುಗಳಷ್ಟೇ. ನಳಿಗೆ ಹತ್ತಿರ ತಿದ್ದುವಾಗ ಆಚೆ ಬದಿ ಕೆಡಬಾರದಲ್ಲ, ಹಾಗಾಗಿ ಈ ವ್ಯತ್ಯಾಸ ದೊಡ್ಡದು. ಒಂದು ಮಾತು: ಪಾಯಿಂಟ್ ಸುಮ್ನೆ ಸುರಿಯಬೇಡಿ. ಹೆಚ್ಚಾದಷ್ಟೂ ಕರ್ವ್ ಕುಣಿಯುತ್ತದೆ, ಸ್ಕೆಚ್ ನಿಧಾನವಾಗುತ್ತದೆ.

ಎರಕ ತಣ್ಣಗಾಗುವಾಗಿನ ಕುಗ್ಗುವಿಕೆ ಲೆಕ್ಕ ಸಲೀಸು. ಬೀಡು ಕಬ್ಬಿಣಕ್ಕೆ ಸುಮಾರು 1 ಪರ್ಸೆಂಟ್ ಹೆಚ್ಚು ಅಳತೆ ಕೊಡುತ್ತೇವೆ. ಕಂಟ್ರೋಲ್ ಪಾಯಿಂಟ್‌ಗಳೆಲ್ಲ ಒಂದೇ ಅಳತೆಯಲ್ಲಿ ಹಿಗ್ಗಿದರೆ ಕರ್ವ್ ಕೂಡ ಅಷ್ಟೇ ಹಿಗ್ಗುತ್ತದೆ, ಆಕಾರ ಚೂರೂ ಬದಲಾಗುವುದಿಲ್ಲ.

ಗೋಳು ಶುರುವಾಗುವುದು ಗೋಡೆ ದಪ್ಪಕ್ಕೆ ಆಫ್‌ಸೆಟ್ ಹಾಕಿದಾಗ. ಬಿ-ಸ್ಪ್ಲೈನ್‌ನಂಥ ಪಾಲಿನಾಮಿಯಲ್ (ಬಹುಪದ ಸೂತ್ರದ) ಕರ್ವ್‌ಗೆ ಸಮಾಂತರವಾಗಿ ಎಳೆದ ಗೆರೆ ಸಾಮಾನ್ಯವಾಗಿ ಪಾಲಿನಾಮಿಯಲ್ ಆಗಿರುವುದಿಲ್ಲ, ಸಾಫ್ಟ್‌ವೇರ್ ಹತ್ತಿರದ್ದೊಂದನ್ನು ಕೂರಿಸುತ್ತದೆ. ಒಳಬಾಗು ಬಿಗಿಯಾಗಿದ್ದರೆ ಗಂಟು ಬೀಳುತ್ತದೆ. ಅಲ್ಲಿ ನಾನು ಕೈಯಾರೆ ಎರಡನೇ ಸ್ಪ್ಲೈನ್ ಎಳೆಯುತ್ತೇನೆ. ಸರ್ಫೇಸ್ ಕೆಲಸಕ್ಕೂ ಫ್ರೀಕ್ಯಾಡ್ ಅಷ್ಟಕ್ಕಷ್ಟೇ. ಇಂಪೆಲ್ಲರ್‌ನ ತಿರುಚಿದ ಬ್ಲೇಡ್‌ಗೆ ತಾಳ್ಮೆ ಬೇಕು.

ಇನ್ನು ಹಲಗೆ ಕೊರೆಯುವ ರೂಟರ್ ಯಂತ್ರಕ್ಕೆ ಡಿಎಕ್ಸ್‌ಎಫ್ (ಡ್ರಾಯಿಂಗ್ ಫೈಲ್) ಕಳಿಸುವವರು ಸ್ಪ್ಲೈನ್ ತುಂಡಿನ ಅಳತೆಯನ್ನು ಸೆಟ್ಟಿಂಗ್‌ನಲ್ಲಿ ಸಣ್ಣದು ಮಾಡಿ. ಪಾಲಿಲೈನ್ (ನೇರ ತುಂಡು ಗೆರೆಗಳ ಸಾಲು) ಆಗಿ ಹೋದರೆ ಎಮ್‌ಡಿಎಫ್ ಹಲಗೆ ಮೇಲೆ ಚಪ್ಪಟೆ ಪಟ್ಟಿಗಳು ಬೀಳುತ್ತವೆ, ಪುಟ್ಟಿ ಹಚ್ಚಿ ಉಜ್ಜುವುದು ನಿಮ್ಮ ಪಾಲಿಗೆ. ಎದುರಿನವರು ತೆಗೆದುಕೊಳ್ಳುವುದಾದರೆ ಸ್ಟೆಪ್ (ಕ್ಯಾಡ್ ಸಾಫ್ಟ್‌ವೇರ್‌ಗಳ ನಡುವೆ ಕೊಟ್ಟುಕೊಳ್ಳುವ) ಫೈಲನ್ನೇ ಕೊಡಿ, ಸ್ಪ್ಲೈನ್ ಸ್ಪ್ಲೈನ್ ಆಗಿಯೇ ಹೋಗುತ್ತದೆ.