ಮಕ್ಕಳ ಜತೆ ಮಿಷನ್ ತರಬೇತಿ: ಆರು ತಿಂಗಳೋ, ಬೇಸಿಗೆ ರಜೆಯೋ?

ಮಕ್ಕಳ ಜತೆ ಕ್ರೈಸ್ತ ಸೇವೆಗೆ ಹೊರಡುವ ಹುಬ್ಬಳ್ಳಿಯ ಕುಟುಂಬಕ್ಕೆ ಎರಡು ದಾರಿ ಇವೆ. ಒಂದು, ವೈವ್ಯಾಮ್‌ನಂಥ (ಯೂತ್ ವಿತ್ ಎ ಮಿಷನ್) ಕ್ರೈಸ್ತ ಸಂಸ್ಥೆಯ ಶಿಷ್ಯತ್ವ ತರಬೇತಿ, ಅಂದರೆ ಯೇಸುವಿನ ಶಿಷ್ಯರಾಗಿ ಬಾಳಲು ಕಲಿಸುವ ಕೋರ್ಸ್: ಸುಮಾರು 3 ತಿಂಗಳು ಪಾಠ, ಆಮೇಲೆ 2-3 ತಿಂಗಳು ಔಟ್‌ರೀಚ್, ಅಂದರೆ ಬೇರೆ ಊರಿಗೆ ಹೋಗಿ ಸೇವೆ. ಇನ್ನೊಂದು, ಬೇಸಿಗೆ ರಜೆಯಲ್ಲಿ ನಮ್ಮ ಸಭೆಯವರ (ಚರ್ಚಿನವರ) ಜತೆ ಗದಗ, ಹಾವೇರಿ ಕಡೆ ಸೇವೆ.

ಮೊದಲನೆಯದರಲ್ಲಿ ಅಪ್ಪ-ಅಮ್ಮ ಪ್ರಾರ್ಥಿಸುವುದನ್ನೂ ದಣಿಯುವುದನ್ನೂ ಮಕ್ಕಳು ದಿನವೂ ನೋಡುತ್ತಾರೆ. ಅದು ದೊಡ್ಡ ಪಾಠ ಅಲ್ವಾ? ಐದು ವರ್ಷದ ಮಗು ಎಲ್ಲಿದ್ದರೂ ಗೆಳೆಯರನ್ನು ಹುಡುಕಿಕೊಳ್ಳುತ್ತದೆ. ಎಂಟನೇ ಕ್ಲಾಸಿನ ಮಗಳಿಗೆ ಹಾಗಲ್ಲ. ಶಾಲೆ, ಗೆಳತಿಯರು ಎರಡೂ ತಪ್ಪುತ್ತವೆ. ಅವಳನ್ನು ಕೇಳದೆ ಫಾರ್ಮ್ ತುಂಬಬೇಡಿ. 1839ರಲ್ಲಿ ಹುಬ್ಬಳ್ಳಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಕ್ಕಳನ್ನು ಓದಿಗಾಗಿ ಯುರೋಪಿಗೆ ಕಳಿಸುತ್ತಿದ್ದರು. ಆ ಅಗಲಿಕೆಗಿಂತ ಜತೆಗಿರುವುದೇ ಮೇಲು.

ರಜೆಯ ಸೇವೆಯಲ್ಲಿ ಓದು ಕೆಡುವುದಿಲ್ಲ, ಭಾಷೆಯೂ ನಮ್ಮದೇ. ಬಿಸಿಲು ಮಾತ್ರ ಜಾಸ್ತಿ. ಹಾಡಿಗೆ ಖುಷಿಯಿಂದ ಕೈ ತಿರುಗಿಸುವ ಮಗುವಿಗೆ ಸಾಕ್ಷಿ ಹೇಳು (ನಿನ್ನ ನಂಬಿಕೆಯ ಅನುಭವ ಎಲ್ಲರೆದುರು ಹೇಳು) ಅಂತ ಸುಮ್ನೆ ಒತ್ತಾಯ ಮಾಡಬೇಡಿ.